ಕಮ್ಮಾರನ ಮಗ ದಿದರೋ

ಫ್ರಾನ್ಸಿನ ಮಹಾಕ್ರಾಂತಿಯ ಕಾರಣಗಳನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಎರಡು ಪಟ್ಟಿಗಳಾಗಿ ಕೊಡುತ್ತವೆ. ಮೊದಲನೆಯದು ಸಮಾಜದ ಮೂರು ವರ್ಗಗಳದು: ಪಾದ್ರಿಗಳು, ಕುಲೀನರು, ಈ ಇಬ್ಬರ ಭಾರವನ್ನೂ ಹೊತ್ತ ಮಿಕ್ಕ ಜನ. ಎರಡನೆಯದು ಹೊಸ ವಿಚಾರಗಳನ್ನು ಹರಡಿದ ಲೇಖಕರದು: ಮಾಂಟೆಸ್ಕ್ಯೂ, ವಾಲ್ಟೇರ್, ರೂಸೋ, ಸ್ಥಳ ಉಳಿದರೆ ದಿದರೋ. ವಿದ್ಯಾರ್ಥಿಯು ಎರಡನ್ನೂ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾನೆ. ಮೇಲಿನವರೆಲ್ಲ ಹಳೆಯದರ ಪಕ್ಷ, ಕೆಳಗಿನವರೆಲ್ಲ ಹೊಸದರ ಪಕ್ಷ, ಲೇಖಕರು ಕೆಳಗಿನವರ ವಕೀಲರು ಎಂಬ ಸರಳವಾದ ಚಿತ್ರವೊಂದು ಅವನ ಮನಸ್ಸಿನಲ್ಲಿ ನಿಲ್ಲುತ್ತದೆ. ಈ ಚಿತ್ರ ಎಷ್ಟರ ಮಟ್ಟಿಗೆ ನಿಜವೆಂದು ನೋಡಬೇಕಾದರೆ ಪಟ್ಟಿಯ ಕೊನೆಯ ಹೆಸರನ್ನೇ ಹಿಡಿದು ಹೊರಡುವುದು ಒಳ್ಳೆಯದೆಂದು ನನಗೆ ತೋರುತ್ತದೆ. ವಾಲ್ಟೇರನಿಗೆ ಹಣವಿತ್ತು, ಮಾಂಟೆಸ್ಕ್ಯೂವಿಗೆ ಕುಲವಿತ್ತು, ರೂಸೋ ಜಿನೀವಾದಿಂದ ಬಂದ ಪರಸ್ಥಳದವನು. ದಿದರೋ ಫ್ರಾನ್ಸಿನ ಸಣ್ಣದೊಂದು ಊರಿನಲ್ಲಿ, ಕುಲುಮೆಯ ಸದ್ದು ಕೇಳುವ ಮನೆಯಲ್ಲಿ ಹುಟ್ಟಿದವನು.

ಆ ಊರು ಷಾಂಪೇನ್ ಪ್ರಾಂತದ ಲಾಂಗ್ರ್. ಗುಡ್ಡದ ಮೇಲೆ ಕೋಟೆಗೋಡೆಯೊಳಗೆ ಕುಳಿತ ಹಳೆಯ ಪಟ್ಟಣ. ಬಿಷಪ್ಪನ ಪೀಠ, ದೊಡ್ಡ ಇಗರ್ಜಿ, ಅದನ್ನು ನಂಬಿಕೊಂಡ ಅನೇಕ ಪಾದ್ರಿಗಳು, ಜತೆಗೆ ಚಾಕು ಕತ್ತರಿಗಳ ಕಸಬಿಗೆ ಹೆಸರು. 1713ರ ಅಕ್ಟೋಬರ್ 5ರಂದು ದೆನಿ ದಿದರೋ ಅಲ್ಲಿ ಜನಿಸಿದನು. ತಂದೆ ದಿದಿಯೇ ದಿದರೋ ಚಾಕು ಕತ್ತಿಗಳನ್ನು ಮಾಡುವ ಕಸಬುದಾರರ ಸಂಘದಲ್ಲಿ ಯಜಮಾನ ದರ್ಜೆಯವನು. ಶಸ್ತ್ರವೈದ್ಯರು ಬಳಸುವ ಸಣ್ಣ ಅಲಗುಗಳನ್ನು ತಯಾರಿಸುವುದರಲ್ಲಿ ಅವನ ಕೈ ಪ್ರಸಿದ್ಧವಾಗಿತ್ತು. ತಾಯಿ ಚರ್ಮ ಹದಮಾಡುವ ಕಸಬಿನವರ ಮನೆಯ ಮಗಳು. ಅವಳ ಸೋದರ ಅದೇ ಊರಿನ ದೊಡ್ಡ ಇಗರ್ಜಿಯಲ್ಲಿ ವೇತನವುಳ್ಳ ಪಾದ್ರಿ.

ಈ ಒಂದು ಮನೆಯನ್ನು ನೋಡಿದರೆ ಸಾಕು, ವರ್ಗಗಳ ಪಟ್ಟಿ ಕಾಗದದ ಮೇಲೆ ಕಾಣುವಷ್ಟು ಚೊಕ್ಕವಾಗಿರಲಿಲ್ಲವೆಂಬುದು ತಿಳಿಯುತ್ತದೆ. ಪಾದ್ರಿಗಳೂ ಕುಲೀನರೂ ಒಟ್ಟು ಜನಸಂಖ್ಯೆಯಲ್ಲಿ ನೂರಕ್ಕೆ ಇಬ್ಬರೋ ಮೂವರೋ ಇದ್ದಿರಬಹುದು. ಕುಲೀನನು ತಾಯ್ ಎಂಬ ಮುಖ್ಯವಾದ ತೆರಿಗೆಯನ್ನು ಕೊಡಬೇಕಾಗಿರಲಿಲ್ಲ. ಚರ್ಚಿನವರು ತಾವಾಗಿ ಒಪ್ಪಿದ ಕಾಣಿಕೆಯೊಂದನ್ನು ರಾಜನಿಗೆ ಸಲ್ಲಿಸಿ, ಬೆಳೆಯಲ್ಲಿ ದಶಾಂಶವನ್ನು ತಾವೇ ಎತ್ತುತ್ತಿದ್ದರು. ಉಪ್ಪಿನ ತೆರಿಗೆ, ರಸ್ತೆಯ ಬಿಟ್ಟಿ ಕೆಲಸ, ಜಮೀನುದಾರನಿಗೆ ಸಲ್ಲುವ ಹತ್ತೆಂಟು ಬಾಬುಗಳು, ಇವೆಲ್ಲದರ ಬಹುಭಾರ ರೈತನ ಬೆನ್ನಿನ ಮೇಲೆ. ಇಷ್ಟು ನಿಜ. ಆದರೆ ಮೂರನೆಯ ವರ್ಗವೆಂಬುದರೊಳಗೆ ಕೋಟಿ ಕೋಟಿ ಜನ, ನೂರಾರು ಮೆಟ್ಟಿಲು. ಸಾಹುಕಾರನಿಂದ ಹಿಡಿದು ದಿನಗೂಲಿಯವನವರೆಗೆ ಪ್ರತಿಯೊಬ್ಬನಿಗೂ ತನಗಿಂತ ಕೆಳಗಿನವನೊಬ್ಬನು ಇದ್ದೇ ಇದ್ದನು. ಹಣವುಳ್ಳವನು ಸರ್ಕಾರದ ಹುದ್ದೆಯನ್ನು ಕೊಂಡು ಕುಲೀನನಾಗಬಹುದಾಗಿತ್ತು. ಹಣವಿಲ್ಲದ ಜಾಣ ಹುಡುಗನಿಗೆ ಇದ್ದ ಏಣಿ ಚರ್ಚು. ಕಮ್ಮಾರನ ಮನೆಯವರು ಮೊದಲ ಮಗನನ್ನು ಆ ಏಣಿಯ ಬಳಿಗೆ ಕರೆದುಕೊಂಡು ಹೋದರು. 1726ರಲ್ಲಿ, ಇನ್ನೂ ಹದಿಮೂರು ತುಂಬದ ಹುಡುಗನಿಗೆ, ಪಾದ್ರಿಯಾಗುವವರ ಪದ್ಧತಿಯಂತೆ ನೆತ್ತಿಯ ಕೂದಲು ಕತ್ತರಿಸಿದರು. ಸೋದರಮಾವನ ಸ್ಥಾನ ಮುಂದೆ ಅವನಿಗೆ ಸಲ್ಲಲಿ ಎಂಬುದು ಮನೆಯ ಹಂಚಿಕೆ. ಅದು ಸಲ್ಲಲಿಲ್ಲ.

ಮಧ್ಯದಲ್ಲಿ ಒಂದು ಸಣ್ಣ ಘಟನೆಯುಂಟು. ಮಗಳು ಮುಂದೆ ಬರೆದಿಟ್ಟ ನೆನಪುಗಳಿಂದ ಅದು ನಮಗೆ ದೊರೆಯುತ್ತದೆ. ಜೆಸುಯಿಟ್ ಗುರುಗಳ ಪಾಠ ಬೇಸರವಾಗಿ ಹುಡುಗನು ಒಂದು ದಿನ ತಾನೂ ಚಾಕು ಮಾಡುವ ಕೆಲಸಕ್ಕೇ ನಿಲ್ಲುವೆನೆಂದು ಹೇಳಿದನಂತೆ. ತಂದೆ ತಡೆಯಲಿಲ್ಲ. ಮುಂದುಡುಪು ಕಟ್ಟಿಕೊಂಡು ನಾಲ್ಕೈದು ದಿನ ಕುಲುಮೆಯ ಮುಂದೆ ನಿಂತ ಮಗನು ಮುಟ್ಟಿದ ಅಲಗುಗಳನ್ನೆಲ್ಲ ಕೆಡಿಸಿ, ಮರಳಿ ಪುಸ್ತಕಗಳನ್ನು ಎತ್ತಿಕೊಂಡು ಶಾಲೆಗೆ ಹೊರಟನು. ನಕ್ಕು ಮರೆಯಬಹುದಾದ ಸಂಗತಿ. ಆದರೂ ಅವನು ಮುಂದೆ ಮಾಡಿದ ಕೆಲಸವನ್ನು ನೆನೆದಾಗ, ಕೈಕಸಬು ಸುಲಭವಲ್ಲವೆಂಬ ಮೊದಲ ಪಾಠ ಅವನಿಗೆ ಆದದ್ದು ಆ ನಾಲ್ಕೈದು ದಿನಗಳಲ್ಲಿಯೇ ಇರಬೇಕೆಂದು ನನ್ನ ಊಹೆ.

ಪ್ಯಾರಿಸ್ಸಿಗೆ ಹೋಗಿ 1732ರಲ್ಲಿ ವಿಶ್ವವಿದ್ಯಾಲಯದ ಎಂ.ಎ. ಪದವಿ ಪಡೆದನು. ಪಾದ್ರಿಯಾಗುವ ಮನಸ್ಸು ಅಷ್ಟರೊಳಗೆ ಕರಗಿತ್ತು. ತಂದೆ ತಮ್ಮ ಊರಿನ ಕಡೆಯ ವಕೀಲನೊಬ್ಬನ ಕಚೇರಿಯಲ್ಲಿ ಕೂರಿಸಿದನು. ಮಗನು ಕಾನೂನಿನ ಕಾಗದಗಳ ಮಧ್ಯದಲ್ಲಿ ಗ್ರೀಕು, ಲ್ಯಾಟಿನ್, ಗಣಿತಗಳನ್ನು ಓದಿದನು. ವಕೀಲ, ವೈದ್ಯ ಮೊದಲಾದ ಯಾವ ವೃತ್ತಿಯೂ ಬೇಡವೆಂದಾಗ ತಂದೆಯ ಹಣ ನಿಂತಿತು. ಮುಂದಿನ ಹತ್ತು ವರ್ಷಗಳ ಬದುಕು ಹೇಗೆ ಸಾಗಿತೆಂಬುದಕ್ಕೆ ವಿವರ ಕಡಿಮೆ: ಮನೆಪಾಠ, ಹಣಕ್ಕೆ ಬರೆದುಕೊಟ್ಟ ಧರ್ಮೋಪದೇಶಗಳು, ಇಂಗ್ಲಿಷಿನಿಂದ ಭಾಷಾಂತರ, ಅನೇಕ ದಿನ ಉಪವಾಸ. ತಾಯಿಯು ಗಂಡನಿಗೆ ತಿಳಿಯದಂತೆ ಸ್ವಲ್ಪ ಹಣವನ್ನು ಮನೆಯ ಕೆಲಸದ ಹೆಂಗಸಿನ ಕೈಯಲ್ಲಿ ಕಳುಹಿಸುತ್ತಿದ್ದಳು. ಆ ಹೆಂಗಸು ಲಾಂಗ್ರಿನಿಂದ ಪ್ಯಾರಿಸ್ಸಿಗೆ ನಡೆದೇ ಬಂದು ಹಣವನ್ನು ಕೊಟ್ಟು, ತನ್ನ ಉಳಿತಾಯವನ್ನೂ ಅದಕ್ಕೆ ಸೇರಿಸಿ, ನಡೆದೇ ಹಿಂದಿರುಗಿದಳಂತೆ. ಒಂದು ಸಲವಲ್ಲ, ಮೂರು ಸಲ. ಹೊಸ ವಿಚಾರಗಳ ಯುಗಕ್ಕೆ ಯಾರು ಯಾರು ದ್ರವ್ಯ ಸಹಾಯ ಮಾಡಿದರೆಂದು ಲೆಕ್ಕ ಹಾಕುವವರು ಈಕೆಯನ್ನು ಬಿಡಬಾರದು.

ಮದುವೆಯ ಪ್ರಸಂಗದಲ್ಲಿ ವರ್ಗದ ಮಾತು ಮತ್ತೆ ತಲೆಯೆತ್ತಿತು. ಆಂತ್ವಾನೆತ್ ಷಾಂಪಿಯೋ ಎಂಬವಳು ತಾಯಿಯೊಡನೆ ಬಟ್ಟೆ, ಕಸೂತಿಯ ವ್ಯಾಪಾರ ಮಾಡಿಕೊಂಡಿದ್ದ ಬಡ ಹುಡುಗಿ. ಅವಳನ್ನು ವರಿಸುವೆನೆಂದು ಒಪ್ಪಿಗೆ ಕೇಳಲು ದಿದರೋ ಊರಿಗೆ ಹೋದನು. ತಾನೂ ಕೈಯಿಂದ ದುಡಿದೇ ಮೇಲೆ ಬಂದ ತಂದೆ, ಗಂಟಿಲ್ಲದ ಸೊಸೆಯನ್ನು ಒಪ್ಪಲಾರದೆ, ಮಗನನ್ನು ಹಿಡಿಸಿ ಮಠವೊಂದರಲ್ಲಿ ಕೂಡಿಹಾಕಿಸಿದನು. ತಂದೆಯ ಅಧಿಕಾರಕ್ಕೆ ಆ ಕಾಲದಲ್ಲಿ ಅಷ್ಟು ಬಲವಿತ್ತು. ಮಗನು ಕಿಟಕಿಯಿಂದ ಹಾರಿ ಪ್ಯಾರಿಸ್ಸಿಗೆ ಓಡಿಹೋದನು. ಮೂವತ್ತು ತುಂಬುವವರೆಗೆ ಗಂಡುಮಕ್ಕಳು ಹೆತ್ತವರ ಸಮ್ಮತಿಯಿಲ್ಲದೆ ವಿವಾಹವಾಗುವಂತಿರಲಿಲ್ಲ. 1743ರ ಅಕ್ಟೋಬರಿನಲ್ಲಿ ಮೂವತ್ತು ತುಂಬಿತು. ನವೆಂಬರಿನ ಒಂದು ನಡುರಾತ್ರಿ ಸಣ್ಣ ಇಗರ್ಜಿಯೊಂದರಲ್ಲಿ ಗುಟ್ಟಾಗಿ ಮದುವೆಯಾಯಿತು. ದಾಂಪತ್ಯ ಸುಖಕರವಾಗಲಿಲ್ಲವೆಂಬುದನ್ನು ಇಲ್ಲಿ ಹೇಳಿ ಮುಂದುವರಿಯುತ್ತೇನೆ.

ಇಷ್ಟರಲ್ಲಿ ಪ್ಯಾರಿಸ್ಸಿನ ನಾಲ್ವರು ಪುಸ್ತಕ ವ್ಯಾಪಾರಿಗಳು, ಅವರಲ್ಲಿ ಮುಖ್ಯನಾದವನು ಲ ಬ್ರತೋ, ಒಂದು ಉದ್ಯಮವನ್ನು ಯೋಚಿಸಿದ್ದರು. 1728ರಲ್ಲಿ ಇಂಗ್ಲೆಂಡಿನಲ್ಲಿ ಚೇಂಬರ್ಸ್ ಎಂಬವನು ಪ್ರಕಟಿಸಿದ್ದ ಎರಡು ಸಂಪುಟಗಳ ಕೋಶವೊಂದನ್ನು ಫ್ರೆಂಚಿಗೆ ಭಾಷಾಂತರಿಸುವುದು ಅವರ ಉದ್ದೇಶ. 1747ರಲ್ಲಿ ಆ ಕೆಲಸದ ಹೊಣೆ ದಿದರೋವಿಗೂ ಗಣಿತಜ್ಞ ದಾಲಾಂಬೇರನಿಗೂ ಬಂದಿತು. ದಾಲಾಂಬೇರನ ಹುಟ್ಟನ್ನೂ ನೆನೆಯಬೇಕು: ಕುಲೀನ ಸ್ತ್ರೀಯೊಬ್ಬಳ ಮಗನಾದ ಅವನನ್ನು ಇಗರ್ಜಿಯ ಮೆಟ್ಟಿಲಿನ ಮೇಲೆ ಬಿಟ್ಟುಹೋಗಿದ್ದರು, ಗಾಜಿನ ಕೆಲಸಗಾರನೊಬ್ಬನ ಹೆಂಡತಿ ಅವನನ್ನು ಸಾಕಿದಳು. ಮೆಟ್ಟಿಲ ಮೇಲಿನ ಕೂಸು, ಕಮ್ಮಾರನ ಮಗ, ಇವರಿಬ್ಬರ ಕೈಯಲ್ಲಿ ಭಾಷಾಂತರದ ಉದ್ಯಮವು ಮಾನವಜ್ಞಾನವನ್ನೆಲ್ಲ ಹೊಸದಾಗಿ ಅಳೆದು ಬರೆಯುವ ವಿಶ್ವಕೋಶವಾಯಿತು.

ಗ್ರಂಥ ಹೊರಬರುವ ಮೊದಲೇ ಸಂಪಾದಕನು ಸೆರೆಮನೆ ಸೇರಿದನು. ಅವನ ಹಿಂದಿನ ಪುಸ್ತಕವೊಂದನ್ನು 1746ರಲ್ಲಿ ಪ್ಯಾರಿಸ್ಸಿನ ಉಚ್ಚ ನ್ಯಾಯಸ್ಥಾನ ಸುಡಿಸಿತ್ತು. 1749ರಲ್ಲಿ ಕುರುಡರನ್ನು ಕುರಿತು ಬರೆದ ಪತ್ರರೂಪದ ಪುಸ್ತಕದಲ್ಲಿ, ಹುಟ್ಟುಕುರುಡನಿಗೆ ಸೃಷ್ಟಿಯ ಸೊಬಗನ್ನು ತೋರಿಸಿ ದೇವರನ್ನು ನಂಬಿಸುವುದು ಹೇಗೆಂಬ ಪ್ರಶ್ನೆಯನ್ನೆತ್ತಿದನು. ಜುಲೈ 24ರಂದು ಪೊಲೀಸರು ಬಂದರು. ವಿಚಾರಣೆಯಿಲ್ಲದೆ ಯಾರನ್ನಾದರೂ ಹಿಡಿದಿಡಲು ರಾಜಮುದ್ರೆಯ ಒಂದು ಕಾಗದ ಸಾಕಾಗಿದ್ದ ಕಾಲ. ವ್ಯಾಂಸೆನ್ನಿನ ಕೋಟೆಯಲ್ಲಿ ಮೂರು ತಿಂಗಳಿಗೂ ಮಿಕ್ಕಿ ಇದ್ದನು. ಮೊದಲು ಏಕಾಂತವಾಸ, ಅನಂತರ ಪುಸ್ತಕಗಳು ತನ್ನವೇ ಎಂದು ಒಪ್ಪಿಕೊಂಡು, ಇನ್ನು ಅಂಥವನ್ನು ಬರೆಯುವುದಿಲ್ಲವೆಂದು ಮಾತು ಕೊಟ್ಟ ಮೇಲೆ ತೋಟದಲ್ಲಿ ಓಡಾಡುವ ಅನುಮತಿ. ಅವನನ್ನು ನೋಡಲು ನಡೆದು ಬರುತ್ತಿದ್ದಾಗಲೇ ರೂಸೋ ದಾರಿಯಲ್ಲಿ ದಿಜೋನ್ ಅಕಾಡೆಮಿಯ ಪ್ರಶ್ನೆಯನ್ನು ಪತ್ರಿಕೆಯಲ್ಲಿ ಓದಿ ತನ್ನ ಮೊದಲ ಪ್ರಬಂಧವನ್ನು ಯೋಚಿಸಿದ್ದು. ವ್ಯಾಪಾರಿಗಳು ತಮ್ಮ ಬಂಡವಾಳ ಮುಳುಗುವುದೆಂದು ಸರ್ಕಾರಕ್ಕೆ ಮೊರೆಯಿಟ್ಟರು. ನವೆಂಬರ್ 3ರಂದು ಬಿಡುಗಡೆಯಾಯಿತು. ಅವನ ಬಂಧನದ ಆಜ್ಞೆಗೆ ಸಹಿ ಹಾಕಿದ ಮಂತ್ರಿ ಕೌಂಟ್ ದಾರ್ಜಾನ್ಸೋ. 1751ರಲ್ಲಿ ವಿಶ್ವಕೋಶದ ಮೊದಲ ಸಂಪುಟ ಅಚ್ಚಾದಾಗ ಅದು ಅರ್ಪಿತವಾಗಿದ್ದುದೂ ಅದೇ ಕೌಂಟ್ ದಾರ್ಜಾನ್ಸೋಗೆ. ಸೆರೆಯಲ್ಲಿಟ್ಟವನ ಆಶ್ರಯವಿಲ್ಲದೆ ಪುಸ್ತಕ ನಡೆಯುವಂತಿರಲಿಲ್ಲ.

ಆ ಗ್ರಂಥದ ಪ್ರಖ್ಯಾತಿ ಅದರ ಚೇಷ್ಟೆಗಳಿಂದ ಬಂದದ್ದೆಂದು ಅನೇಕರು ಬರೆಯುತ್ತಾರೆ. ನರಮಾಂಸಭಕ್ಷಕರ ಲೇಖನದ ಕೊನೆಯಲ್ಲಿ ಕ್ರೈಸ್ತರ ಪ್ರಸಾದಸ್ವೀಕಾರದ ಲೇಖನವನ್ನೂ ನೋಡಿರೆಂಬ ಸೂಚನೆ, ರಾಜನ ಅಧಿಕಾರ ಪ್ರಜೆಗಳ ಸಮ್ಮತಿಯಿಂದ ಬಂದುದೆಂದು ಮೊದಲ ಸಂಪುಟದಲ್ಲಿಯೇ ಮೆಲ್ಲನೆ ಹೇಳಿದ ಲೇಖನ, ಇವು ಸುಳ್ಳಲ್ಲ. ಆದರೆ ನನ್ನ ಮಟ್ಟಿಗೆ ದಿದರೋವಿನ ನಿಜವಾದ ಸಾಹಸ ಬೇರೆ ಕಡೆ ಇದೆ. ವಿದ್ವಾಂಸರು ಬುದ್ಧಿಯ ವಿದ್ಯೆಗಳು ಮೇಲು, ಕೈಯ ವಿದ್ಯೆಗಳು ಕೀಳು ಎಂದು ಬಹುಕಾಲದಿಂದ ವಿಂಗಡಿಸಿಟ್ಟಿದ್ದರು. ಆ ವಿಂಗಡಣೆ ಸಭ್ಯರನ್ನು ಸೋಮಾರಿಗಳನ್ನಾಗಿಯೂ ದುಡಿಯುವವರನ್ನು ತಿರಸ್ಕೃತರನ್ನಾಗಿಯೂ ಮಾಡಿತೆಂಬುದು ಅವನ ವಾದ. ಅವನು ಪ್ಯಾರಿಸ್ಸಿನ ಕೆಲಸಮನೆಗಳಿಗೆ ಹೋದನು, ಲೇಖಕರನ್ನೂ ಚಿತ್ರಕಾರರನ್ನೂ ಕಳುಹಿಸಿದನು. ಕಸಬುದಾರರನ್ನು ಪ್ರಶ್ನಿಸಿ, ಅವರು ಹೇಳಿದಂತೆ ಬರೆದುಕೊಂಡು, ಅವರ ಪರಿಭಾಷೆಯನ್ನು ಅವರ ಬಾಯಿಂದಲೇ ಎತ್ತಿಕೊಳ್ಳುವುದು ಪದ್ಧತಿಯಾಯಿತು. ಇದು ಸುಲಭವಾಗಿರಲಿಲ್ಲ. ಮಾಡಬಲ್ಲವರಲ್ಲಿ ಬಹುಮಂದಿ ವಿವರಿಸಲಾರರು. ಕೆಲವರು ಸಂಘದ ಗುಟ್ಟು ಹೊರಬೀಳುವುದೆಂದು ಬಾಯಿ ಬಿಡರು. ಇನ್ನು ಕೆಲವರಿಗೆ ಕಾಗದ ಹಿಡಿದು ಬಂದವನು ತೆರಿಗೆಯವನೆಂಬ ಶಂಕೆ. ಕಾಲುಚೀಲ ಹೆಣೆಯುವ ಯಂತ್ರವನ್ನು ಕುರಿತ ಉದ್ದವಾದ ಲೇಖನವನ್ನು ದಿದರೋ ತಾನೇ ಬರೆದನು. ಗುಂಡುಸೂಜಿಯ ಲೇಖನವು ಒಂದು ಸೂಜಿ ಅಂಗಡಿಗೆ ಬರುವ ಮೊದಲು ಹದಿನೆಂಟು ಕೆಲಸಗಳನ್ನು ದಾಟಿ ಬರುವುದೆಂದು ಎಣಿಸಿ ತೋರಿಸಿತು.

ದೇವತಾಶಾಸ್ತ್ರದ ಮಾತುಗಳೂ ಸೂಜಿಯ ಮಾತುಗಳೂ ಅಕ್ಷರಾನುಕ್ರಮದಲ್ಲಿ ಒಂದೇ ಸಾಲಿನಲ್ಲಿ ನಿಂತುವು. ಅಕ್ಷರಮಾಲೆಗೆ ಕುಲಗೋತ್ರವಿಲ್ಲ. ಬಿಷಪ್ಪನೂ ಬಡಗಿಯೂ ಅಲ್ಲಿ ತಮ್ಮ ತಮ್ಮ ಮೊದಲ ಅಕ್ಷರದ ಬಲದಿಂದಲೇ ಸ್ಥಾನ ಪಡೆಯಬೇಕು. ಇದರ ಜತೆಗೆ ಹನ್ನೊಂದು ಸಂಪುಟಗಳ ಚಿತ್ರಪಟಗಳು: ಮೇಲೆ ಕೆಲಸಮನೆಯ ನೋಟ, ಕೆಳಗೆ ಒಂದೊಂದು ಉಪಕರಣದ ಅಳತೆ, ಆಕಾರ. ಚಾಕು ಮಾಡುವವನ ಅಂಗಡಿಯೂ ಅದರಲ್ಲಿದೆ. ಒಂದು ಮಾತನ್ನು ಮಾತ್ರ ಹೇಳಬೇಕು. ಆ ಚಿತ್ರಗಳಲ್ಲಿ ಹೊಗೆಯಿಲ್ಲ, ಬೆವರಿಲ್ಲ. ನೆಲ ಗುಡಿಸಿದಂತಿದೆ, ಕೆಲಸದವರ ಮುಖ ಪ್ರಶಾಂತವಾಗಿದೆ. ಕೆಲವನ್ನು ವಿಜ್ಞಾನ ಅಕಾಡೆಮಿಯವರು ಹಿಂದೆ ಮಾಡಿಸಿದ್ದ ಚಿತ್ರಗಳಿಂದ ಎತ್ತಿಕೊಂಡರೆಂಬ ಆಪಾದನೆಯೂ ಬಂದಿತು, ಅದು ನಿರಾಧಾರವಾದುದಲ್ಲ. ಕೆಲಸಕ್ಕೆ ಗೌರವ ದೊರೆಯಿತು. ಕೆಲಸಗಾರನ ಹಸಿವು ಆ ಹಾಳೆಗಳಲ್ಲಿ ಕಾಣಿಸಲಿಲ್ಲ.

ಪ್ರತಿಭಟನೆ ಬರದಿರಲಿಲ್ಲ. 1752ರಲ್ಲಿ ಮೊದಲೆರಡು ಸಂಪುಟಗಳನ್ನು ನಿಷೇಧಿಸಿದರು. ಕೆಲಸ ಮೆಲ್ಲನೆ ಮತ್ತೆ ಸಾಗಿತು. 1757ರ ಜನವರಿಯಲ್ಲಿ ದಾಮಿಯೇನ್ ಎಂಬ ಸೇವಕನೊಬ್ಬನು ಹದಿನೈದನೆಯ ಲೂಯಿಯನ್ನು ಕಿರುಗತ್ತಿಯಿಂದ ಇರಿದನು. ರಾಜನಿಗೆ ಆದದ್ದು ಸಣ್ಣ ಗಾಯ. ಲೇಖಕರ ಮೇಲೆ ಬಿದ್ದ ಸಂಶಯ ದೊಡ್ಡದು. ಮರುವರ್ಷ ದಾಲಾಂಬೇರನು ಬೇಸತ್ತು ಬಿಟ್ಟುಹೋದನು. ರೂಸೋ ಜಗಳವಾಡಿ ದೂರವಾದನು. 1759ರ ಮಾರ್ಚಿಯಲ್ಲಿ ರಾಜಾನುಮತಿಯೇ ರದ್ದಾಯಿತು. ಚಂದಾದಾರರಿಗೆ ತಲಾ 72 ಲೀವ್ರ್ ಹಿಂದಿರುಗಿಸಬೇಕೆಂದು ಆಜ್ಞೆ ಹೊರಟಿತು. ನಾಲ್ಕು ಸಾವಿರದಷ್ಟಿದ್ದ ಚಂದಾದಾರರಲ್ಲಿ ಒಬ್ಬನೂ ಹಣ ಕೇಳಲು ಬರಲಿಲ್ಲವೆಂದು ಹೇಳುತ್ತಾರೆ. ಅದೇ ಜೂನ್ ತಿಂಗಳಲ್ಲಿ ಲಾಂಗ್ರಿನಲ್ಲಿ ತಂದೆ ತೀರಿಕೊಂಡನು. ಕಸಬುಗಳ ಚಿತ್ರಪಟಗಳ ಮೊದಲ ಸಂಪುಟ ಬಂದದ್ದು 1762ರಲ್ಲಿ. ಕಸಬುದಾರನಾದ ತಂದೆ ಅದನ್ನು ನೋಡಲಿಲ್ಲ.

ಇಲ್ಲಿ ನನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ಈ ಗ್ರಂಥವನ್ನು ಉಳಿಸಿದವರು ಯಾರು, ಕೆಡಿಸಿದವರು ಯಾರು? ಪುಸ್ತಕಗಳ ಮೇಲ್ವಿಚಾರಣೆಯ ಅಧಿಕಾರಿ ಮಾಲ್‌ಜೆರ್ಬ್ ಕುಲೀನರಲ್ಲಿ ನ್ಯಾಯಾಧಿಕಾರದಿಂದ ಮೇಲೆ ಬಂದ ದೊಡ್ಡ ಮನೆತನದವನು. ದಿದರೋವಿನ ಕಾಗದಗಳನ್ನು ವಶಪಡಿಸಿಕೊಳ್ಳುವ ಆಜ್ಞೆ ಅವನ ಕೈಯಿಂದಲೇ ಹೊರಡಬೇಕಾಗಿತ್ತು. ಅವನು ಹಿಂದಿನ ದಿನ ದಿದರೋವಿಗೆ ಸುದ್ದಿ ಮುಟ್ಟಿಸಿ, ಅಷ್ಟು ಕಾಗದಗಳನ್ನು ಬಚ್ಚಿಡಲು ಜಾಗವಿಲ್ಲವೆಂದು ತಿಳಿದಾಗ, ತನ್ನ ಮನೆಗೇ ಕಳುಹಿಸುವಂತೆ ಹೇಳಿದನೆಂದು ಮಗಳ ನೆನಪುಗಳಲ್ಲಿದೆ. ಹುಡುಕಬೇಕಾದವನ ಮನೆಯನ್ನು ಯಾರು ಹುಡುಕಿಯಾರು! ಷೆವಲಿಯೇ ದ ಜೋಕೂರ್ ಇನ್ನೊಬ್ಬ ಕುಲೀನ. ಎಲ್ಲರೂ ಬಿಟ್ಟುಹೋದ ಮೇಲೆ ಅವನು ಸಂಬಳವಿಲ್ಲದೆ ಹಗಲಿರುಳು ಬರೆದನು. ಸುಮಾರು 72 ಸಾವಿರ ಲೇಖನಗಳಲ್ಲಿ ಹದಿನೇಳು ಸಾವಿರದಷ್ಟು ಅವನವು. ಬರಹಗಾರ ಸಹಾಯಕರಿಗೆ ಕೂಲಿ ಕೊಡಲು ತನ್ನ ಮನೆಯನ್ನೇ ಮಾರಿದನು. ಕೊಂಡವನು ಪುಸ್ತಕ ವ್ಯಾಪಾರಿ ಲ ಬ್ರತೋ, ಆ ಪುಸ್ತಕದಿಂದಲೇ ಹಣ ಮಾಡಿದವನು.

ಆ ಲ ಬ್ರತೋ ಮಾಡಿದ ಇನ್ನೊಂದು ಕೆಲಸ 1764ರಲ್ಲಿ ಬಯಲಾಯಿತು. ಕೊನೆಯ ಹತ್ತು ಸಂಪುಟಗಳನ್ನು ಅಧಿಕಾರಿಗಳು ಕಂಡೂ ಕಾಣದಂತಿದ್ದ ಗುಟ್ಟಿನಲ್ಲಿ ಅಚ್ಚು ಮಾಡುತ್ತಿದ್ದರು. ದಿದರೋ ಯಾವುದೋ ಸಂಶಯಕ್ಕೆ ತನ್ನದೇ ಲೇಖನವೊಂದನ್ನು ಮುದ್ರಿತ ಹಾಳೆಗಳಲ್ಲಿ ತೆರೆದು ನೋಡಿದನು. ಅದು ಅವನು ಬರೆದ ಲೇಖನವಾಗಿರಲಿಲ್ಲ. ಇನ್ನೊಂದು, ಮತ್ತೊಂದು ತೆರೆದನು. ಸಂಪಾದಕನು ಕರಡಚ್ಚು ತಿದ್ದಿ ಕಳುಹಿಸಿದ ಮೇಲೆ, ವ್ಯಾಪಾರಿಯು ರಾತ್ರಿ ತನ್ನ ಕೆಲಸದವನೊಬ್ಬನೊಡನೆ ಕುಳಿತು, ಅಪಾಯವೆಂದು ತೋರಿದ ವಾಕ್ಯಗಳನ್ನೆಲ್ಲ ಕತ್ತರಿಸಿ, ಮೂಲ ಕೈಬರಹಗಳನ್ನು ಸುಟ್ಟಿದ್ದನು. ಹಿಂದಿರುಗಿಸುವ ದಾರಿಯೇ ಇರಲಿಲ್ಲ. ದಿದರೋ ಅತ್ತನೆಂದೂ ಊಟ ನಿದ್ರೆ ಬಿಟ್ಟನೆಂದೂ ಕೇಳುತ್ತೇವೆ. ವ್ಯಾಪಾರಿಗೆ ಒಂದು ಉಗ್ರವಾದ ಕಾಗದ ಬರೆದನು. ಆದರೆ ವಿಷಯವನ್ನು ಬಹಿರಂಗಪಡಿಸಲಿಲ್ಲ. ಬಹಿರಂಗವಾದರೆ ಗುಟ್ಟಿನ ಮುದ್ರಣವೂ ಬಯಲಾಗಿ ಎಲ್ಲವೂ ಮುಳುಗುತ್ತಿತ್ತು. ಕತ್ತರಿಸಿದ ಭಾಗಗಳನ್ನುಳ್ಳ ಕೆಲವು ಕರಡಚ್ಚಿನ ಹಾಳೆಗಳು ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂದು, ಅವನ ಗೋಳು ಬರಿಯ ಕಲ್ಪನೆಯಲ್ಲವೆಂದು ತೋರಿಸಿದುವು.

ಹೀಗೆ, ಕುಲೀನನು ರಕ್ಷಿಸಿದನು, ಮೂರನೆಯ ವರ್ಗದ ವ್ಯಾಪಾರಿ ಕತ್ತರಿಸಿದನು. ಇದರಿಂದ ಕುಲೀನರೆಲ್ಲ ಉದಾರಿಗಳೆಂದು ಯಾರೂ ಭಾವಿಸಬೇಕಾಗಿಲ್ಲ. ಮಾಲ್‌ಜೆರ್ಬನಿಗೆ ಕಳೆದುಕೊಳ್ಳುವ ಭಯವಿರಲಿಲ್ಲ, ಲ ಬ್ರತೋಗೆ ಸೆರೆಮನೆಯ ಭಯವೂ ಇತ್ತು, ಬಂಡವಾಳದ ಭಯವೂ ಇತ್ತು. ಭಯಪಡದೆ ಇರುವುದೂ ಒಂದು ವರ್ಗದ ಸವಲತ್ತೇ. ಓದಿದವರು ಯಾರು ಎಂದು ನೋಡಿದರೂ ಇದೇ ಕಥೆ. ಪೂರ್ಣವಾದ ಗ್ರಂಥದ ಬೆಲೆ 980 ಲೀವ್ರ್. ಕೂಲಿಯಿಂದ ಬದುಕುವವನಿಗೆ ಅದು ಕನಸಿನ ಮಾತು. ಮುಂದೆ ಅಗ್ಗದ ಮುದ್ರಣಗಳು ಬಂದಾಗಲೂ ಕೊಂಡವರು ವಕೀಲರು, ಅಧಿಕಾರಿಗಳು, ಸೈನ್ಯದ ಕುಲೀನರು, ಆಶ್ಚರ್ಯವೆನಿಸುವಷ್ಟು ಮಂದಿ ಪಾದ್ರಿಗಳು. ಸೂಜಿಯನ್ನು ಹೇಗೆ ಮಾಡುತ್ತಾರೆಂಬುದನ್ನು ಓದಿ ತಿಳಿದವರಲ್ಲಿ ಸೂಜಿ ಮಾಡುವವರು ಇರಲಿಲ್ಲ.

ಇಪ್ಪತ್ತೈದು ವರ್ಷ ದುಡಿದ ಸಂಪಾದಕನಿಗೆ ಉಳಿದದ್ದು ಅಲ್ಪ. ಬದುಕುಳಿದ ಒಬ್ಬಳೇ ಮಗಳ ವರದಕ್ಷಿಣೆಗಾಗಿ ತನ್ನ ಪುಸ್ತಕಭಂಡಾರವನ್ನು ಮಾರಲು ನಿಶ್ಚಯಿಸಿದನು. 1765ರಲ್ಲಿ ರಷ್ಯದ ರಾಣಿ ಎರಡನೆಯ ಕ್ಯಾಥರೀನಳು ಅದನ್ನು 15 ಸಾವಿರ ಲೀವ್ರ್ ಕೊಟ್ಟು ಕೊಂಡು, ಜೀವವಿರುವವರೆಗೆ ಅವನ ಬಳಿಯಲ್ಲಿಯೇ ಇರಲೆಂದು ಬಿಟ್ಟು, ಅದರ ಪಾಲಕನೆಂದು ವರ್ಷಕ್ಕೆ ಸಾವಿರ ಲೀವ್ರ್ ಗೊತ್ತುಮಾಡಿದಳು. ಆಮೇಲೆ ಐವತ್ತು ವರ್ಷದ ಸಂಬಳವನ್ನು ಮುಂಗಡವಾಗಿ ಕಳುಹಿಸಿದಳು. ಅರಸರ ಅಧಿಕಾರವನ್ನು ಪ್ರಶ್ನಿಸಿದವನು ನಿರಂಕುಶ ರಾಣಿಯೊಬ್ಬಳ ಸಂಬಳದವನಾದನು. 1773ರಲ್ಲಿ ಪೀಟರ್ಸ್‌ಬರ್ಗಿಗೆ ಹೋಗಿ ಕೆಲವು ತಿಂಗಳು ಅವಳೊಡನೆ ರಾಜ್ಯಸುಧಾರಣೆಯ ಮಾತನಾಡಿದನು. ಅವಳು ಸಂತೋಷದಿಂದ ಕೇಳಿದಳು. ರಷ್ಯದ ಜೀತದ ರೈತನು ಇದ್ದಲ್ಲಿಯೇ ಇದ್ದನು.

ವ್ಯಾಂಸೆನ್ನಿನಲ್ಲಿ ಕೊಟ್ಟ ಮಾತಿನ ನೆರಳು ಅವನ ಜೀವನದುದ್ದಕ್ಕೂ ಇತ್ತು. ತನ್ನ ಅತ್ಯುತ್ತಮವಾದ ಬರಹಗಳನ್ನು ಮೇಜಿನ ಖಾನೆಯಲ್ಲಿಟ್ಟು, ಆಪ್ತರಿಗೆ ಮಾತ್ರ ತೋರಿಸಿದನು. ಆಬೇ ರೇನಾಲನ ಹೆಸರಿನಲ್ಲಿ ಬಂದ, ಭಾರತವೂ ಸೇರಿದಂತೆ ಪೂರ್ವ ಪಶ್ಚಿಮ ದೇಶಗಳಲ್ಲಿ ಐರೋಪ್ಯರ ವ್ಯಾಪಾರ ಹಾಗೂ ದಬ್ಬಾಳಿಕೆಯ ಚರಿತ್ರೆಯಲ್ಲಿ, ಗುಲಾಮಗಿರಿಯನ್ನೂ ವಸಾಹತುಗಳನ್ನೂ ಖಂಡಿಸುವ ತೀಕ್ಷ್ಣವಾದ ಪುಟಗಳನ್ನು ಬರೆದವನು ಅವನೇ, ಹೆಸರು ಹಾಕಲಿಲ್ಲ. ಶ್ರೀಮಂತರ ಊಟದ ಮೇಜಿನ ಸುತ್ತ ಹೊಗಳಿ ಹೊಟ್ಟೆ ಹೊರೆಯುವ ಸಂಗೀತಗಾರನೊಬ್ಬನೊಡನೆ ನಡೆಸಿದ ಸಂಭಾಷಣೆ, ರಾಮೋನ ಸೋದರಳಿಯನ ಕಥೆ, ಮೊದಲು ಅಚ್ಚಾದುದು 1805ರಲ್ಲಿ, ಅದೂ ಗಯಟೆಯ ಜರ್ಮನ್ ಭಾಷಾಂತರದಲ್ಲಿ. ಅವನದೇ ಕೈಬರಹದ ಪ್ರತಿ 1890ರ ಸುಮಾರಿಗೆ ಪ್ಯಾರಿಸ್ಸಿನ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ದೊರೆಯಿತು. ಹೊಟ್ಟೆಪಾಡಿಗೆ ಯಾರ ಮುಂದೆಯಾದರೂ ಬಾಗುವವನನ್ನು ಅಷ್ಟು ಬಲ್ಲವನಂತೆ ಬರೆಯಬೇಕಾದರೆ, ಲೇಖಕನು ತನ್ನ ಬೆನ್ನನ್ನೂ ಮುಟ್ಟಿ ನೋಡಿಕೊಂಡಿರಬೇಕು.

ಮೂವತ್ತು ವರ್ಷ ಮೇಲಂತಸ್ತಿನ ಮನೆಯೊಂದರಲ್ಲಿ ಕಳೆದವನಿಗೆ ಕೊನೆಗೆ ಮೆಟ್ಟಿಲು ಹತ್ತುವುದು ಆಗದಾಯಿತು. ಕ್ಯಾಥರೀನಳು ರಿಷೆಲ್ಯೂ ಬೀದಿಯಲ್ಲಿ ಒಳ್ಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿಸಿಕೊಟ್ಟಳು. ಅಲ್ಲಿ ವಾಸವಾಗಿ ಕೆಲವು ದಿನಗಳೊಳಗೆ, 1784ರ ಜುಲೈ 31ರಂದು, ಊಟದ ಮೇಜಿನ ಮುಂದೆ ಕುಳಿತಿದ್ದಾಗ ಪ್ರಾಣ ಹೋಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಗಡಿಯಾರದವನ ಮಗ ಬೋಮಾರ್ಷೆಯ ಫಿಗಾರೋ ನಾಟಕ ರಂಗವೇರಿ, ಯಜಮಾನನನ್ನು ಅಣಕಿಸುವ ಸೇವಕನಿಗೆ ಕುಲೀನ ಪ್ರೇಕ್ಷಕರೇ ಚಪ್ಪಾಳೆ ತಟ್ಟಿದ್ದರು. ಐದು ವರ್ಷಗಳ ಮೇಲೆ ಬಾಸ್ತೀಯ್ ಕೋಟೆ ಬಿದ್ದಿತು. ಮಾಲ್‌ಜೆರ್ಬನು ಮುದಿತನದಲ್ಲಿ ತಾನಾಗಿ ಮುಂದೆ ಬಂದು ಹದಿನಾರನೆಯ ಲೂಯಿಯ ಪರವಾಗಿ ವಾದಿಸಿ, 1794ರಲ್ಲಿ ತಾನೂ ಗಿಲೊಟಿನ್ನಿಗೆ ತಲೆ ಕೊಟ್ಟನು.

ದೇವರನ್ನು ನಂಬದಿದ್ದ ದಿದರೋವನ್ನು ಸೇಂಟ್ ರಾಕ್ ಇಗರ್ಜಿಯಲ್ಲಿ ಪಾದ್ರಿಗಳ ಸಮೇತ ಶಾಸ್ತ್ರೋಕ್ತವಾಗಿ ಹೂಳಿದ್ದರು. ಅವನ ಪುಸ್ತಕಗಳು ಮರುವರ್ಷ ಹಡಗಿನಲ್ಲಿ ಪೀಟರ್ಸ್‌ಬರ್ಗಿಗೆ ಹೋದುವು. ಕ್ರಾಂತಿಯ ದಿನಗಳಲ್ಲಿ ಜನ ಆ ಇಗರ್ಜಿಯ ನೆಲಮಾಳಿಗೆಯ ಸಮಾಧಿಗಳನ್ನು ಒಡೆದು, ಅಲ್ಲಿದ್ದ ಕುಲೀನರ, ಪಾದ್ರಿಗಳ, ಮತ್ತಿತರರ ಮೂಳೆಗಳನ್ನೆಲ್ಲ ಒಂದರೊಡನೊಂದು ಬೆರೆಸಿ ಹಾಕಿದರು. ಕಮ್ಮಾರನ ಮಗನವು ಅವುಗಳೊಳಗೆ ಸೇರಿಹೋದುವು.